ಹವಳದ ತೊಟ್ಟಿಯ ಉಸುಕು: ಪೈಪಿನಿಂದ ತೊಳೆಯುವುದೋ, ಬಸವನಹುಳುಗಳಿಗೆ ಬಿಡುವುದೋ, ಉಸುಕೇ ಬೇಡವೋ?

ಹೋದ ತಿಂಗಳು ಬೀದರ್‌ನಿಂದ ಗೆಳೆಯನ ಫೋನ್ ಬಂತು. ಮೀನು, ಹವಳ ಸಾಕುವ ಸಮುದ್ರ ನೀರಿನ ಗಾಜಿನ ತೊಟ್ಟಿ ಶುರು ಮಾಡಿ ಅವನಿಗೆ ಆಗ ಎರಡು ತಿಂಗಳು. "ಉಸುಕೆಲ್ಲಾ ಕಂದು ಆಗ್ಯಾದ. ಯಾವ ಹುಳ ತಂದು ಬಿಡ್ಲಿ ಹೇಳು, ನಾಳೆ ಹೈದರಾಬಾದಿಗೆ ಹೊಂಟೀನಿ" ಅಂದ. ಹುಳದ ಹೆಸರು ಹೇಳುವ ಮೊದಲು ಒಂದು ಚಮಚ ಉಸುಕನ್ನು ಬಿಳಿ ಬಟ್ಟಲಿಗೆ ತೆಗೆದು ಫೋಟೊ ಕಳಿಸು ಅಂದೆ. ಫೋಟೊ ಬಂದ ಮೇಲೆ ಅರ್ಧ ತಾಸು ಮಾತಾಡಿದೆವು. ಆ ಮಾತನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ. ಹವಳದ ತೊಟ್ಟಿಯ ಬಗ್ಗೆ ಸಿಗುವ ಸಲಹೆಗಳಲ್ಲಿ ಬಹಳಷ್ಟು ತಂಪು ದೇಶಗಳವು, ಇಲ್ಲವೇ ಕಡಲ ದಂಡೆಯ ದೊಡ್ಡ ಊರುಗಳವು. ಕಲಬುರಗಿಯಿಂದ ಪಶ್ಚಿಮದ ಕಡಲಿಗೆ ಹಕ್ಕಿ ಹಾರುವ ದಾರಿಯಲ್ಲೂ ಮುನ್ನೂರೈವತ್ತು ಕಿಲೊಮೀಟರ್ ಮೀರುತ್ತದೆ. ನಮ್ಮ ಬಿಸಿಲು ಬೇರೆ, ನಮ್ಮ ನೀರು ಬೇರೆ.

ನನ್ನ ತೊಟ್ಟಿಯ ಲೆಕ್ಕ ಕೊಡುತ್ತೇನೆ, ನಿಮ್ಮದಕ್ಕೆ ತಕ್ಕಂತೆ ಹಿಗ್ಗಿಸಿಕೊಳ್ಳಿ, ಕುಗ್ಗಿಸಿಕೊಳ್ಳಿ. ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ, ಅಷ್ಟೇ ಎತ್ತರ. ಅಳತೆಗೆ ಸುಮಾರು 255 ಲೀಟರ್, ಕಲ್ಲು ಉಸುಕು ಕಳೆದರೆ ನೀರು 200 ಲೀಟರ್. ವಾರಕ್ಕೆ ಹತ್ತರಲ್ಲೊಂದು ಪಾಲು ಬದಲಿಸಬೇಕೆಂದರೆ 20 ಲೀಟರ್ ಆರ್‌ಒ ನೀರು ಬೇಕು, ಅದಕ್ಕೆ ಮುಕ್ಕಾಲು ಕಿಲೊದ ಆಸುಪಾಸು ಸಮುದ್ರ ಉಪ್ಪು. ಮನೆಯ ಆರ್‌ಒ ಯಂತ್ರ ಒಂದು ಕೊಡ ಒಳ್ಳೆ ನೀರು ಕೊಡಲು ಎರಡು ಮೂರು ಕೊಡ ಹೊರಗೆ ಚೆಲ್ಲುತ್ತದೆ. ಆ ಚೆಲ್ಲುವ ನೀರು ನಮ್ಮಲ್ಲಿ ಫರಸಿ ಒರೆಸಲು, ಬಾಂಡೆ ತಿಕ್ಕಲು ಹೋಗುತ್ತದೆ ಅನ್ನುವುದು ನಿಜ. ಆದರೂ ಬೇಸಿಗೆಯಲ್ಲಿ ನಳಕ್ಕೆ ನೀರು ಬರುವ ದಿನವನ್ನೇ ಕಾಯುತ್ತಿರುವಾಗ ವಾರಕ್ಕೆ ಎಂಬತ್ತು ಲೀಟರ್ ಒಂದು ಹವ್ಯಾಸಕ್ಕೆ ಸುರಿಯುವುದು ಮನಸ್ಸಿಗೆ ಭಾರ. ಮೇಲಾಗಿ ಮೇ ತಿಂಗಳಲ್ಲಿ ಹೊರಗೆ 42, 43 ಡಿಗ್ರಿ ಇದ್ದಾಗ ನನ್ನ ತೊಟ್ಟಿಯಿಂದ ದಿನಕ್ಕೆ ನಾಲ್ಕೈದು ಲೀಟರ್ ಆವಿಯಾಗುತ್ತದೆ. ಅದನ್ನೂ ಉಪ್ಪು ಹಾಕದ ಆರ್‌ಒ ನೀರಿನಿಂದಲೇ ತುಂಬಬೇಕು, ಯಾಕೆಂದರೆ ಉಪ್ಪು ಆವಿಯಾಗುವುದಿಲ್ಲ.

ಹೀಗಾಗಿ ಉಸುಕು ಸ್ವಚ್ಛ ಇಡುವ ಯಾವ ವಿಧಾನ ಹಿಡಿದರೂ ಮೊದಲು ಎರಡು ಪ್ರಶ್ನೆ ಕೇಳಿಕೊಳ್ಳಿ. ವಾರಕ್ಕೆ ಎಷ್ಟು ಲೀಟರ್ ಒಳ್ಳೆ ನೀರು ಮಾಡಬಲ್ಲೆ? ಬೇಸಿಗೆಯ ರಾತ್ರಿ ನಾಲ್ಕು ತಾಸು ಕರೆಂಟ್ ಹೋದರೆ ಈ ತೊಟ್ಟಿ ತಡೆದೀತೇ? ಉಸುಕು ಎಷ್ಟು ಬೆಳ್ಳಗೆ ಕಾಣುತ್ತದೆ ಎಂಬುದು ಆಮೇಲಿನ ಮಾತು.

ಕೊಳೆ ಯಾವುದೆಂದು ಮೊದಲು ನೋಡಿ

ಬಟ್ಟಲ ಫೋಟೊ ಕೇಳಿದ್ದು ಇದಕ್ಕೇ. ಉಸುಕಿನ ಮೇಲೆ ಕಾಣುವ ಕಂದು, ಕೆಂಪು, ಬೂದು ಎಲ್ಲ ಒಂದೇ ಕೊಳೆ ಅಲ್ಲ.

ಹೊಸ ತೊಟ್ಟಿಯಲ್ಲಿ ಮೊದಲ ಕೆಲವು ತಿಂಗಳು ಬರುವ ತಿಳಿ ಕಂದು ಪುಡಿ ಡಯಾಟಮ್ ಎಂಬ ಸೂಕ್ಷ್ಮ ಪಾಚಿ. ಬೆರಳು ಆಡಿಸಿದರೆ ಧೂಳಿನ ಹಾಗೆ ಏಳುತ್ತದೆ. ನೀರಿನಲ್ಲಿರುವ ಸಿಲಿಕೇಟ್ ಅದರ ಆಹಾರ, ಅದು ತೀರಿದಂತೆ ತಾನೇ ಇಳಿಯುತ್ತದೆ. ಇಳಿಯದೆ ಮತ್ತೆ ಮತ್ತೆ ಬಂದರೆ ನಿಮ್ಮ ಆರ್‌ಒ ನೀರನ್ನು ನೋಡಿ. ಕುಡಿಯುವ ನೀರಿನ ಆರ್‌ಒ ಒಂದೇ ಸಾಲದು, ಅದರ ಮುಂದೆ, ಆರ್‌ಒ ದಾಟಿ ಬಂದ ಲವಣವನ್ನೂ ಹಿಡಿಯುವ ಡಿಐ ರಾಳದ ಡಬ್ಬಿ ಬೇಕು. ಆ ರಾಳ ತೀರುತ್ತ ಬಂದಾಗ ಮೊದಲು ನುಸುಳಿ ಬರುವುದು ಸಿಲಿಕೇಟೇ.

ಕಡುಗೆಂಪು, ನೇರಳೆ ಬಣ್ಣದ ಲೋಳೆ ಹಾಸು ಸಯನೊಬ್ಯಾಕ್ಟೀರಿಯ. ಹಾಲಿನ ಕೆನೆಯಂತೆ ಚಾದರ ಚಾದರವಾಗಿ ಎದ್ದು ಬರುತ್ತದೆ. ನೀರಿನ ಹರಿವು ಮಂದವಾಗಿರುವ ಮೂಲೆಯಲ್ಲಿ, ಉಂಡುಳಿದ ಆಹಾರ ಕೂಡುವ ಕಡೆ ಮೊದಲು ಕಾಣುತ್ತದೆ.

ಕಂದು ಸಿಂಬಳದಂತೆ ಎಳೆ ಎಳೆಯಾಗಿ, ತುದಿಗೆ ಗಾಳಿಗುಳ್ಳೆ ಹಿಡಿದು ನಿಂತದ್ದು ಡೈನೊಫ್ಲಾಜೆಲೇಟ್. ಇದು ಅತಿ ಸ್ವಚ್ಛತೆಯ ರೋಗ: ನೈಟ್ರೇಟ್, ಫಾಸ್ಫೇಟ್ ಎರಡೂ ಸೊನ್ನೆಗೆ ಇಳಿದ ತೊಟ್ಟಿಗಳಲ್ಲಿ ಮೇಲುಗೈ ಪಡೆಯುತ್ತದೆ. ಮನೆಯಲ್ಲೇ ಪರೀಕ್ಷೆ ಮಾಡಬಹುದು. ಸ್ವಲ್ಪ ಲೋಳೆಯನ್ನು ಆ ತೊಟ್ಟಿಯದೇ ನೀರಿನೊಂದಿಗೆ ಶೀಶೆಯಲ್ಲಿ ಜೋರಾಗಿ ಕುಲುಕಿ, ಟಿಶ್ಯೂ ಕಾಗದದಲ್ಲಿ ಸೋಸಿ, ಸೋಸಿದ ನೀರನ್ನು ಬೆಳಕಿನಲ್ಲಿ ಒಂದು ತಾಸು ಇಡಿ. ಮತ್ತೆ ಎಳೆಗಟ್ಟಿದರೆ ಡೈನೊ. ಹಾಗಿದ್ದರೆ ಈ ಲೇಖನದ ಬಹುಪಾಲು ಸಲಹೆ ನಿಮಗೆ ಈಗ ಬೇಡ. ನೀರು ಬದಲಿಸಿ ಬದಲಿಸಿ ಅದನ್ನು ಓಡಿಸಲಾಗದು, ಪೋಷಕಾಂಶ ಸ್ವಲ್ಪ ಏರಿಸುವುದೇ ದಾರಿ. ಕೆಲವು ಜಾತಿಯವು ವಿಷಕಾರಿ, ಅದನ್ನು ಮೇಯಲು ಬಿಟ್ಟ ಬಸವನಹುಳುಗಳು ಸಾಯುತ್ತವೆ.

ಉಳಿದದ್ದು ಸಾದಾ ಕಸ: ಮೀನಿನ ಹಿಕ್ಕೆ, ತಿನ್ನದೆ ಬಿಟ್ಟ ಆಹಾರ, ಕಲ್ಲಿನಿಂದ ಉದುರಿದ ಬೂದು ಹೂಳು. ಉಸುಕಿನಲ್ಲಿ ಕೈಯಾಡಿಸಿದರೆ ಮೋಡವಾಗಿ ಏಳುವುದು ಇದೇ. ಮುಂದಿನ ಹೋಲಿಕೆ ಮುಖ್ಯವಾಗಿ ಇದಕ್ಕೆ.

ಪೈಪು

ನನ್ನ ಮಟ್ಟಿಗೆ ಮೊದಲ ಸ್ಥಾನ ಸೈಫನ್ ಪೈಪಿಗೆ. ಕಾರಣ ಸರಳ. ಬಸವನಹುಳು ಕೊಳೆ ತಿಂದರೂ ಅದು ಹಿಕ್ಕೆಯಾಗಿ ಅದೇ ತೊಟ್ಟಿಯಲ್ಲಿ ಬೀಳುತ್ತದೆ, ಪಂಪು ಕೊಳೆಯನ್ನು ಒಂದು ಮೂಲೆಯಿಂದ ಇನ್ನೊಂದಕ್ಕೆ ಸಾಗಿಸುತ್ತದೆ. ಕೊಳೆಯನ್ನು ಮನೆಯಾಚೆ ಹಾಕುವುದು ಪೈಪು ಒಂದೇ. ಕರೆಂಟೂ ಬೇಡ.

ಒಂದಿಂಚು ಅಗಲದ ಪಾರದರ್ಶಕ ಕೊಳವೆ, ಅದಕ್ಕೆ 12 ಮಿಲಿಮೀಟರ್ ಒಳವ್ಯಾಸದ ಮೆದು ಪೈಪು ಸಾಕು. ಕೊಳವೆಯನ್ನು ಉಸುಕಿಗೆ ಚುಚ್ಚಿ ತುಸು ಮೇಲೆತ್ತಿದಾಗ ಒಳಗೆ ನಡೆಯುವುದನ್ನು ಹತ್ತಿರ ಕೂತು ನೋಡಬೇಕು. ಉಸುಕು ಕುದಿಯುವ ಅಕ್ಕಿಯಂತೆ ಕುಣಿಯುತ್ತ ಕೊಳವೆಯ ಅರ್ಧದವರೆಗೆ ಏರುತ್ತದೆ, ಕಂದು ಹೂಳು ಹೊಗೆಯಂತೆ ಬೇರ್ಪಟ್ಟು ಮೇಲೆ ಮೇಲೆ ಹೋಗುತ್ತದೆ. ಉಸುಕು ಪೈಪಿನ ಬಾಯಿ ತಲುಪುವ ಹೊತ್ತಿಗೆ ಕೆಳಗೆ ಬಕೆಟಿನ ಬಳಿ ಪೈಪನ್ನು ಹೆಬ್ಬೆರಳಿನಿಂದ ಮಡಚಿ ಹಿಡಿಯಿರಿ. ಹರಿವು ನಿಲ್ಲುತ್ತದೆ, ಉಸುಕು ತಿರುಗಿ ಕೆಳಗೆ ಬೀಳುತ್ತದೆ, ಈಗ ಕೆನೆಬಣ್ಣಕ್ಕೆ ತಿರುಗಿರುತ್ತದೆ. ನಾಲ್ಕು ಬೆರಳು ಪಕ್ಕಕ್ಕೆ ಸರಿಸಿ ಮತ್ತೆ ಚುಚ್ಚಿ. ಈ ಹೆಬ್ಬೆರಳ ಹಿಡಿತ ಕಲಿಯಲು ಎರಡು ಮೂರು ವಾರ ಬೇಕು. ಕಲಿಯದಿದ್ದರೆ ಇಷ್ಟು ದಪ್ಪ ಪೈಪು ಎರಡು ಮೂರು ನಿಮಿಷಕ್ಕೇ 20 ಲೀಟರ್ ಬಕೆಟ್ ತುಂಬಿಸಿಬಿಡುತ್ತದೆ, ಉಸುಕು ಕಾಲು ಭಾಗವೂ ಮುಗಿದಿರುವುದಿಲ್ಲ.

ಬಾಯಿಂದ ಎಳೆದು ಸೈಫನ್ ಶುರು ಮಾಡುವ ರೂಢಿ ಬಿಡಿ. ಹೊಲಕ್ಕೆ ಡೀಸೆಲ್ ತುಂಬುವಾಗ ಮಾಡಿದ ಹಾಗೆ ಇಲ್ಲಿ ಮಾಡುವಂತಿಲ್ಲ. ಜೋಆಂಥಿಡ್, ಅದರಲ್ಲೂ ಪಾಲಿಥೋವ ಹವಳಗಳಲ್ಲಿ ಪಾಲಿಟಾಕ್ಸಿನ್ ಎಂಬ ಭಯಂಕರ ವಿಷ ಇರಬಹುದು. ಪೈಪನ್ನು ಇಡಿಯಾಗಿ ನೀರಲ್ಲಿ ಮುಳುಗಿಸಿ ತುಂಬಿಸಿ, ತುದಿ ಒತ್ತಿಹಿಡಿದು ಕೆಳಗಿಳಿಸಿದರೆ ತಾನೇ ಹರಿಯುತ್ತದೆ. ಕೈಗೆ ಗಾಯವಿದ್ದರೆ ಗ್ಲೌಸ್ ಹಾಕಿ. ಕೈ ಅದ್ದುವ ಮೊದಲು ಹೀಟರ್, ಪಂಪು ಸ್ವಿಚ್ ಆಫ್ ಮಾಡಿ.

ನೀರಿನ ಚಿಂತೆಗೆ ನಾನು ಕಂಡುಕೊಂಡ ದಾರಿ ಇಲ್ಲಿದೆ. ಪೈಪಿನ ಇನ್ನೊಂದು ತುದಿಯನ್ನು ಬಕೆಟಿಗೆ ಬಿಡುವ ಬದಲು ಸಂಪಿನಲ್ಲಿ (ತೊಟ್ಟಿಯ ಕೆಳಗಿಡುವ ಫಿಲ್ಟರ್ ತೊಟ್ಟಿಯಲ್ಲಿ) ಕಟ್ಟಿದ 200 ಮೈಕ್ರಾನ್ ಫಿಲ್ಟರ್ ಚೀಲದೊಳಗೆ ಬಿಡಿ. ಹೂಳು ಚೀಲದಲ್ಲಿ ನಿಲ್ಲುತ್ತದೆ, ನೀರು ಸಂಪಿಗೆ ಇಳಿದು ತಿರುಗಿ ತೊಟ್ಟಿಗೆ ಹೋಗುತ್ತದೆ. ಒಂದು ಲೀಟರ್ ನೀರೂ ಹೋಗದೆ ಅರ್ಧ ತಾಸು ಉಸುಕು ತೊಳೆಯಬಹುದು. ಸಂಪ್ ಇಲ್ಲದವರು ಚೀಲವನ್ನು ಬಕೆಟಿನ ಬಾಯಿಗೆ ಕಟ್ಟಿ, ಸೋಸಿದ ನೀರನ್ನು ತಿರುಗಿ ಸುರಿಯಬಹುದು. ಚೀಲ ಸಿಗದಿದ್ದಾಗ ಹಳೆಯ ಬಿಳಿ ಧೋತರವನ್ನು ನಾಲ್ಕು ಮಡಿಕೆ ಮಾಡಿ ಬಳಸಿದ್ದೇನೆ. ಅದನ್ನು ಸೋಪು ಹಾಕದೆ ಬರೀ ಬಿಸಿನೀರಿನಲ್ಲಿ ಒಗೆದಿರಬೇಕು, ಆಮೇಲೂ ಸೋಪು ಮುಟ್ಟಿಸಬಾರದು. ಚೀಲವನ್ನು ಕೆಲಸ ಮುಗಿದ ಕೂಡಲೇ ತೆಗೆದು ತೊಳೆಯಿರಿ. ಮರುದಿನದವರೆಗೆ ಬಿಟ್ಟರೆ ಹೂಳು ಅಲ್ಲೇ ಕೊಳೆತು ತೊಟ್ಟಿಗೇ ಸೇರುತ್ತದೆ.

ಕೆಂಪು ಲೋಳೆಗೆ ಮಾತ್ರ ಈ ಚೀಲದ ದಾರಿ ಬೇಡ. ಅದನ್ನು ಬಕೆಟಿಗೇ ಎಳೆದು ನೀರನ್ನು ಚೆಲ್ಲಿಬಿಡಿ. ಒಡೆದ ಲೋಳೆ ಚೀಲ ದಾಟುತ್ತದೆ.

ಇಡೀ ಉಸುಕನ್ನು ಒಂದೇ ದಿನ ತೊಳೆಯುವ ಆಸೆ ಎಲ್ಲರಿಗೂ ಬರುತ್ತದೆ. ವಾರಕ್ಕೆ ನಾಲ್ಕರಲ್ಲಿ ಒಂದು ಪಾಲು ಸಾಕು, ತಿಂಗಳಿಗೊಮ್ಮೆ ಪೂರ್ತಿ ತೊಟ್ಟಿ ಸುತ್ತಿದಂತಾಗುತ್ತದೆ. ತೊಳೆಯದೆ ವರ್ಷ ಕಳೆದ ಉಸುಕಾದರೆ ಇನ್ನೂ ನಿಧಾನ: ಒಂದೊಂದು ವಾರ ಒಂದೊಂದು ಗೇಣು. ಯಾಕೆಂದು ಕೆಳಗೆ ಹೇಳುತ್ತೇನೆ.

ಬಸವನಹುಳು, ಶಂಖ, ಮೀನು

ರಾತ್ರಿ ಲೈಟ್ ಆರಿಸಿ ಹತ್ತು ನಿಮಿಷ ಬಿಟ್ಟು ಬೆರಳುಗುರಿನಷ್ಟು ಸಿಗಡಿ ಚೂರು ಉಸುಕಿನ ಮೇಲೆ ಬಿಡಿ, ಟಾರ್ಚ್ ಹಿಡಿದು ನೋಡಿ. ಮೊದಲು ಉಸುಕಿನಿಂದ ಗರಿಕೆ ಮೊಳಕೆಯಂತೆ ಒಂದು ಸಣ್ಣ ಕೊಳವೆ ಏಳುತ್ತದೆ, ಅತ್ತಿತ್ತ ತೂಗಿ ವಾಸನೆ ಹಿಡಿಯುತ್ತದೆ. ಮರುಗಳಿಗೆ ಅದರ ಹಿಂದೆ ಉಸುಕು ಉಬ್ಬಿ ಒಡೆದು ಚಿಪ್ಪು ಹೊರಬರುತ್ತದೆ. ಹತ್ತಿರದಲ್ಲಿ ಇನ್ನೊಂದು, ದೂರದಲ್ಲಿ ಮತ್ತೊಂದು. ಒಂದೇ ನಿಮಿಷದಲ್ಲಿ ಏಳೆಂಟು ನಸ್ಸಾರಿಯಸ್ ಬಸವನಹುಳುಗಳು ಆ ಚೂರಿನ ಸುತ್ತ ಕೂಡುತ್ತವೆ. ಇವು ಹಗಲೆಲ್ಲ ಉಸುಕಿನೊಳಗೇ ಓಡಾಡುವುದರಿಂದ ಉಸುಕು ಗಟ್ಟಿಯಾಗದೆ ಸಡಿಲವಾಗಿರುತ್ತದೆ. ಆದರೆ ಪಾಚಿ ತಿನ್ನುವುದಿಲ್ಲ. ಉಂಡುಳಿದ ಆಹಾರ, ಸತ್ತ ಜೀವ ಇವುಗಳ ಊಟ. ಉಸುಕು ಕಂದಾಗಿದೆ ಎಂದು ನಸ್ಸಾರಿಯಸ್ ತಂದರೆ ಕಂದು ಹಾಗೇ ಉಳಿಯುತ್ತದೆ.

ಡಯಾಟಮ್, ತೆಳು ಪಾಚಿಗೆ ಸೆರಿತ್ ಒಳ್ಳೆಯದು. ಉದ್ದ ಚೂಪು ಚಿಪ್ಪಿನ ಸಣ್ಣ ಹುಳು, ಉಸುಕಿನ ಮೇಲೂ ಒಳಗೂ ಮೇಯುತ್ತದೆ, ಗಾಜನ್ನೂ ಹತ್ತುತ್ತದೆ. ನನ್ನ ತೊಟ್ಟಿಯಲ್ಲಿ ಹತ್ತು ನಸ್ಸಾರಿಯಸ್, ಹನ್ನೆರಡು ಸೆರಿತ್ ಇವೆ. ಇದಕ್ಕಿಂತ ಹೆಚ್ಚು ತಂದರೆ ಹಸಿದು ಸಾಯುತ್ತವೆ, ಸತ್ತದ್ದು ಮತ್ತೆ ಕೊಳೆಯೇ. ನಾಲ್ಕು ಅಡಿ ತೊಟ್ಟಿಯಾದರೆ ಜೊತೆಗೆ ಒಂದೇ ಒಂದು ಸಣ್ಣ ಶಂಖದ ಹುಳು ಇಡಬಹುದು. ಸೊಂಡಿಲಿನಂಥ ಬಾಯಿಯಿಂದ ಉಸುಕಿನ ಮೇಲ್ಪದರವನ್ನು ಒರೆಸುತ್ತ ಹೋಗುತ್ತದೆ. ಕಲ್ಲು ತುಂಬಿದ ಸಣ್ಣ ತೊಟ್ಟಿಯಲ್ಲಿ ಅದಕ್ಕೆ ಮೇಯಲು ಬಯಲಿರುವುದಿಲ್ಲ.

ಉಸುಕು ಬಾಯಲ್ಲಿ ತುಂಬಿ ಕಿವಿರಿನಿಂದ ಸೋಸಿ ಬಿಡುವ ಗೋಬಿ ಮೀನನ್ನು ಕಂಡರೆ ಯಾರಿಗಾದರೂ ಮರುಳಾಗುತ್ತದೆ. ಕಿತ್ತಳೆ ಚುಕ್ಕೆಯ ವ್ಯಾಲೆನ್ಸಿಯೆನ್ನಿಯ ಜಾತಿ ಇದಕ್ಕೆ ಹೆಸರುವಾಸಿ. ಉಸುಕನ್ನು ಅದು ಬೆಳ್ಳಗೆ ಇಡುತ್ತದೆ, ಎರಡು ಮಾತಿಲ್ಲ. ಆದರೆ ಅದು ತಿನ್ನುವುದು ಕೊಳೆಯನ್ನಲ್ಲ, ಉಸುಕಿನಲ್ಲಿರುವ ಸಣ್ಣ ಜೀವಿಗಳನ್ನು. ಅವು ತೀರಿದ ಮೇಲೆ ದಿನಕ್ಕೆರಡು ಸಲ ಕೈಯಾರೆ ಉಣಿಸದಿದ್ದರೆ ಸೊರಗುತ್ತದೆ. ಮೇಲಿಂದ ಸುರಿದ ಉಸುಕು ತಳದ ಹವಳಗಳ ಮೇಲೆ ಬಿದ್ದು ಅವು ಮುಚ್ಚಿಕೊಳ್ಳುತ್ತವೆ. ಮುಚ್ಚಳವಿಲ್ಲದ ತೊಟ್ಟಿಯಿಂದ ಜಿಗಿಯುತ್ತದೆ. ನಮ್ಮಲ್ಲಿ ಬೇಸಿಗೆಗೆ ತೊಟ್ಟಿ ತಂಪಾಗಲೆಂದು ಮುಚ್ಚಳ ತೆಗೆದು ಫ್ಯಾನ್ ಹಚ್ಚುತ್ತೇವೆ, ಹಾಗಾಗಿ ಸಣ್ಣ ಕಣ್ಣಿನ ಬಲೆ ಕಟ್ಟಲೇಬೇಕು. ದೊಡ್ಡ, ಹಳೆಯ ತೊಟ್ಟಿ ಇದ್ದವರು ಮಾತ್ರ ಗೋಬಿ ತರಲಿ.

ಉಸುಕಿನಲ್ಲಿ ಹೂತು ನಡೆಯುವ ನಕ್ಷತ್ರ ಮೀನನ್ನು ನಾನೂ ತಂದಿದ್ದೆ. ಮಾರಿದವರು "ಕಸಬರಿಗಿ ಇದ್ದಂಗ ಅದ ನೋಡ್ರಿ, ಇಡೀ ತೊಟ್ಟಿ ಬಳೀತದ" ಅಂದಿದ್ದರು. ಬಳಿಯಿತು, ಉಸುಕಿನ ಹುಳು ಹುಪ್ಪಟೆಯನ್ನೆಲ್ಲ. ನಾಲ್ಕನೆಯ ತಿಂಗಳು ಒಂದು ತೋಳಿನ ತುದಿ ಕರಗತೊಡಗಿತು, ಆಮೇಲೆ ಎರಡೇ ವಾರ. ಹಸಿವೆಯಿಂದ ಸಾಯುತ್ತಿದೆ ಎಂದು ತಿಳಿಯುವ ಹೊತ್ತಿಗೆ ಕೈಮೀರಿತ್ತು. ಇಂದಿಗೂ ಅದು ನನಗೆ ನೋವಿನ ನೆನಪು. ಮನೆಯ ಅಳತೆಯ ತೊಟ್ಟಿಗೆ ಈ ನಕ್ಷತ್ರ ಬೇಡವೇ ಬೇಡ.

ಕಡಲ ಸೌತೆ ನಿಜಕ್ಕೂ ಕೊಳೆಯನ್ನೇ ತಿನ್ನುವ ಜೀವಿ. ಸಮುದ್ರದಲ್ಲಿ ಉಸುಕು ಉಳುವ ರೈತ ಎಂದರೂ ಸರಿ. ಆದರೆ ನಮ್ಮ ದೇಶದಲ್ಲಿ ಅದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ರಕ್ಷಿತ ಜೀವಿ, ಯಾರು ಮಾರಿದರೂ ಕೊಳ್ಳಬೇಡಿ. ಪಂಪಿನ ಬಾಯಿಗೆ ಸಿಕ್ಕಿ ಸತ್ತರೆ ಅದು ಬಿಡುವ ವಿಷ ಮೀನುಗಳನ್ನೂ ಕೊಲ್ಲಬಲ್ಲದು. ಅದೇ ಕಾಯ್ದೆಯಲ್ಲಿ ನಮ್ಮ ಕಡಲಿನ ಬಂಡೆ ಕಟ್ಟುವ ಗಟ್ಟಿ ಹವಳಗಳೂ ಇವೆ. ನಾನು ಇಟ್ಟಿರುವುದು ಜೋಆಂಥಿಡ್, ಮಶ್ರೂಮ್‌ನಂಥ ಮೃದು ಜಾತಿ ಮಾತ್ರ.

ದುಡ್ಡು ಕೊಡದೆ ಬರುವ ಕೆಲಸಗಾರ ಒಬ್ಬನಿದ್ದಾನೆ: ಬಿರುಗೂದಲ ಹುಳು. ಕಲ್ಲಿನ ಜೊತೆ ಬಂದು ಸಂದುಗಳಲ್ಲಿ ಬೆಳೆಯುತ್ತದೆ. ನೋಡಲು ಜರಿಯಂತಿರುವುದರಿಂದ ಹಲವರು ಹುಡುಕಿ ಕೊಲ್ಲುತ್ತಾರೆ. ಕೊಲ್ಲಬೇಡಿ, ಪೈಪು ತಲುಪದ ಕಡೆಯ ಕೊಳೆಯನ್ನು ಅದು ತಿನ್ನುತ್ತದೆ. ಬರಿಗೈಲಿ ಮಾತ್ರ ಮುಟ್ಟಬೇಡಿ, ಕೂದಲು ಚರ್ಮಕ್ಕೆ ನಾಟಿ ಉರಿಯುತ್ತವೆ.

ಈ ಜೀವಿಗಳನ್ನು ತರುವ ಕಾಲವೂ ಮುಖ್ಯ. ಹೈದರಾಬಾದ್, ಮುಂಬೈ, ಬೆಂಗಳೂರು ಎಲ್ಲಿಂದ ತರಿಸಿದರೂ ಥರ್ಮಾಕೋಲ್ ಡಬ್ಬಿಯಲ್ಲಿ ಬಸ್ಸು ರೈಲಿನಲ್ಲಿ ಬರಬೇಕು. ನವೆಂಬರಿನಿಂದ ಫೆಬ್ರುವರಿ ಒಳಗೆ ತರಿಸಿ. ಏಪ್ರಿಲ್ ಮೇಯಲ್ಲಿ ತರಿಸುವುದು ಆ ಜೀವಗಳಿಗೆ ಮಾಡುವ ಅನ್ಯಾಯ. ಬಂದ ಮೇಲೆ ನಿಮ್ಮ ನೀರನ್ನು ಹನಿ ಹನಿಯಾಗಿ ಒಂದು ತಾಸಾದರೂ ಬೆರೆಸಿ, ಉಪ್ಪಿನ ಹಠಾತ್ ಏರುಪೇರನ್ನು ಬಸವನಹುಳು ತಡೆಯುವುದಿಲ್ಲ. ಮೀನಿನ ರೋಗಕ್ಕೆ ತಾಮ್ರದ ಔಷಧ ಹಾಕಿದ ತೊಟ್ಟಿಗೆ ಇವನ್ನು ಬಿಡಲೇಬಾರದು.

ಹರಿವು ಮತ್ತು ಪಿಚಕಾರಿ

ತೊಟ್ಟಿಯೊಳಗೆ ನೀರು ತಳ್ಳಿ ಹರಿಸುವ ಪಂಪು, ಅಂದರೆ ವೇವ್‌ಮೇಕರ್, ಸರಿಯಾಗಿ ಕೂರಿಸಿದರೆ ಕೊಳೆ ಉಸುಕಿಗೆ ಇಳಿಯುವ ಮೊದಲೇ ಫಿಲ್ಟರಿಗೆ ಹೋಗುತ್ತದೆ. ತೀರ ಜೋರಾದರೆ ಉಸುಕು ಹಾರಿ ಒಂದು ಕಡೆ ದಿಬ್ಬ, ಇನ್ನೊಂದು ಕಡೆ ಬೋಳು ಗಾಜು. ಎದುರು ಗಾಜಿಗೆ ಹೊಡೆದು ಹರಿವು ಚದುರುವಂತೆ, ಮೇಲ್ಮೈಗೆ ತುಸು ಓರೆಯಾಗಿ ಇಡಿ. ಕಲ್ಲಿನ ಮೇಲಿನ ಹೂಳು ಊದಲು ಹೋಳಿಯ ಪಿಚಕಾರಿ ಸಾಕು. ಬಣ್ಣ ತುಂಬದ ಹೊಸದನ್ನು ಇದಕ್ಕೇ ತೆಗೆದಿಡಿ. ಮೊದಲು ಕಲ್ಲಿಗೆ ಪಿಚಕಾರಿ, ಆಮೇಲೆ ಉಸುಕಿಗೆ ಪೈಪು. ಹರಿವು ಪೈಪಿನ ಕೆಲಸ ಕಡಿಮೆ ಮಾಡುತ್ತದೆ, ಪೈಪನ್ನು ಬಿಡಿಸುವುದಿಲ್ಲ.

ಉಸುಕೇ ಇಲ್ಲದ ತೊಟ್ಟಿ

ತಳಕ್ಕೆ ಬರೀ ಗಾಜು ಬಿಟ್ಟರೆ ಕೊಳೆ ಅಡಗಲು ಜಾಗವೇ ಇಲ್ಲ. ಕಂಡದ್ದನ್ನು ಎರಡು ನಿಮಿಷದಲ್ಲಿ ಎಳೆದು ಹಾಕಬಹುದು, ವಾರಕ್ಕೆ ಐದಾರು ಲೀಟರ್ ನೀರು ಹೋದರೆ ಹೆಚ್ಚು. ಎಷ್ಟು ಜೋರಾದ ಹರಿವನ್ನಾದರೂ ಇಡಬಹುದು. ನೀರಿನ ಬರ ಇರುವ ಮನೆಗೆ, ಕೆಲಸದ ಮೇಲೆ ವಾರಗಟ್ಟಲೆ ಹೊರಗಿರುವವರಿಗೆ ಇದು ನಿಜಕ್ಕೂ ಒಳ್ಳೆಯ ಆಯ್ಕೆ. ಅದನ್ನು ಕೀಳಾಗಿ ನೋಡುವವರ ಮಾತಿಗೆ ಕಿವಿಗೊಡಬೇಡಿ.

ಕಳೆದುಕೊಳ್ಳುವುದೂ ಇದೆ. ರಾತ್ರಿ ಉಸುಕಿನಲ್ಲಿ ಹೂತು ಮಲಗುವ ಹಳದಿ ರಾಸ್ ಮೀನು, ಸಿಗಡಿಯ ಜೊತೆ ಬಿಲ ತೋಡಿ ಬಾಳುವ ಗೋಬಿ, ಮೇಲೆ ಹೇಳಿದ ನಸ್ಸಾರಿಯಸ್, ಇವು ಯಾವುವನ್ನೂ ಇಡಲಾಗದು. ಉಸುಕಿನ ಪ್ರತಿ ಕಣದ ಮೇಲೂ ಬ್ಯಾಕ್ಟೀರಿಯ ಕೂತು ಅಮೋನಿಯ ಒಡೆಯುತ್ತವೆ. ಉಸುಕಿಲ್ಲದಾಗ ಆ ಭಾರವೆಲ್ಲ ಕಲ್ಲಿನ ಮೇಲೆ, ಹಾಗಾಗಿ ರಂಧ್ರವುಳ್ಳ ಒಳ್ಳೆ ಕಲ್ಲು ಸಾಕಷ್ಟು ಇರಬೇಕು. ನನಗೆ ಉಸುಕಿನ ಮೇಲೆ ಬೀಳುವ ಅಲೆಯ ಬೆಳಕು ಬೇಕು, ಅದಿಲ್ಲದೆ ತೊಟ್ಟಿ ನೋಡಲಾರೆ. ಇದು ನನ್ನ ಇಷ್ಟ, ವಾದವಲ್ಲ.

ಆಳದ ಉಸುಕು

ಹತ್ತರಿಂದ ಹದಿನೈದು ಸೆಂಟಿಮೀಟರ್ ಉಸುಕು ಹಾಕಿ, ಮುಟ್ಟದೆ ಬಿಟ್ಟು, ತಳದಲ್ಲಿ ಆಮ್ಲಜನಕವಿಲ್ಲದ ಪದರದಲ್ಲಿ ಬ್ಯಾಕ್ಟೀರಿಯಗಳು ನೈಟ್ರೇಟನ್ನು ಸಾರಜನಕ ಅನಿಲವಾಗಿಸಲಿ ಎಂಬುದು ಈ ವಿಧಾನ. 1980ರ ದಶಕದಲ್ಲಿ ಮೊನಾಕೊದಲ್ಲಿ ಜೋಬೆರ್ ಎಂಬ ವಿಜ್ಞಾನಿ ಉಸುಕಿನಡಿ ನೀರಿನ ಖಾಲಿ ಪದರ ಬಿಟ್ಟು ಇದೇ ದಾರಿಯ ಒಂದು ರೂಪ ಕಟ್ಟಿ ತೋರಿಸಿದ್ದರು. ತತ್ತ್ವ ಸರಿ. ತಂಪಾದ, ಕರೆಂಟ್ ಹೋಗದ ಕಡೆ ವರ್ಷಾನುಗಟ್ಟಲೆ ನಡೆದ ತೊಟ್ಟಿಗಳಿವೆ.

ನನ್ನ ಮೊದಲ ತೊಟ್ಟಿ ಹೀಗೇ ಇತ್ತು. ಮೂರನೆಯ ವರ್ಷ ಪಕ್ಕದ ಗಾಜಿನಿಂದ ನೋಡಿದರೆ ಪದರಗಳು ಕಾಣುತ್ತಿದ್ದವು: ಮೇಲೆ ಬಿಳಿ, ಕೆಳಗೆ ಹಸಿರು ಗೆರೆ, ನೇರಳೆ ಗೆರೆ, ತಳದಲ್ಲಿ ಇದ್ದಿಲಿನಂಥ ಕಪ್ಪು ಕಲೆ. ಮೇ ತಿಂಗಳ ಒಂದು ಸಂಜೆ ವಾಲಿದ ಕಲ್ಲನ್ನು ಸರಿಪಡಿಸಲು ಎತ್ತಿದೆ. ಅದರಡಿಯ ಕಪ್ಪು ಉಸುಕು ಬಿರಿದು ಗುಳ್ಳೆಗಳು ಎದ್ದವು, ಕೋಣೆಗೆಲ್ಲ ಕೊಳೆತ ಮೊಟ್ಟೆಯ ವಾಸನೆ. ಅದು ಹೈಡ್ರೋಜನ್ ಸಲ್ಫೈಡ್. ನೀರು ಅಂದು 31 ಡಿಗ್ರಿ. ರಾತ್ರಿ ಎರಡು ತಾಸು ಕರೆಂಟೂ ಹೋಯಿತು. ಬೆಳಿಗ್ಗೆ ಎರಡು ಮೀನು ತಳದಲ್ಲಿ ಬಿದ್ದಿದ್ದವು. ಉಸುಕಿನ ಲೆಕ್ಕವಿಲ್ಲದಷ್ಟು ಬ್ಯಾಕ್ಟೀರಿಯಗಳೂ ಉಸಿರಾಡುತ್ತವೆ. 25 ಡಿಗ್ರಿಯಲ್ಲಿ ಸಮುದ್ರ ನೀರು ಲೀಟರಿಗೆ ಸುಮಾರು 6.7 ಮಿಲಿಗ್ರಾಂ ಆಮ್ಲಜನಕ ಹಿಡಿದರೆ 30 ಡಿಗ್ರಿಯಲ್ಲಿ 6.2 ಮಾತ್ರ. ಪಂಪು ನಿಂತ ಬೇಸಿಗೆ ರಾತ್ರಿಯಲ್ಲಿ ಆಳದ ಉಸುಕಿನ ತೊಟ್ಟಿ ಬೇಗ ಉಸಿರುಗಟ್ಟುತ್ತದೆ.

ಹಾಗಾಗಿ ಕಲಬುರಗಿ, ಯಾದಗಿರಿಯ ಬಿಸಿಲಿಗೆ ನಾನು ಆಳದ ಉಸುಕನ್ನು ಯಾರಿಗೂ ಹೇಳುವುದಿಲ್ಲ. ಈಗಾಗಲೇ ಇದ್ದವರು ಅದನ್ನು ಕೆದಕಬೇಡಿ. ತೆಗೆಯಲೇಬೇಕಾದರೆ ಚಳಿಗಾಲದಲ್ಲಿ, ಪೈಪಿನಿಂದ ಉಸುಕನ್ನೇ ಗೇಣು ಗೇಣಾಗಿ ಹೊರಗೆ ಎಳೆಯಿರಿ, ಗಾಳಿ ಪಂಪು ಹಚ್ಚಿ, ಇದ್ದಿಲು ಚೀಲ ಇಡಿ. ಯಾವ ತೊಟ್ಟಿಯಾದರೂ ಬ್ಯಾಟರಿಯಿಂದ ಓಡುವ ಒಂದು ಗಾಳಿ ಪಂಪು ಮನೆಯಲ್ಲಿರಲಿ.

ಎಂಥ ಉಸುಕು?

ಶುಚಿ ಇಡುವುದು ಅರ್ಧ ಇಲ್ಲೇ ತೀರ್ಮಾನವಾಗುತ್ತದೆ. ಸಣ್ಣ ರವೆಗಿಂತ ನುಣುಪಾದದ್ದು ಪಂಪಿಗೆ ಹಾರುತ್ತದೆ, ಪೈಪಿನಲ್ಲಿ ಹೋಗಿಬಿಡುತ್ತದೆ. ತೊಗರಿಬೇಳೆಯಷ್ಟು ದಪ್ಪ ಹವಳದ ಚೂರಾದರೆ ಸಂದುಗಳಲ್ಲಿ ಆಹಾರ ಜಾರಿ ಕೊಳೆಯುತ್ತದೆ, ಬಸವನಹುಳು ಅದರಲ್ಲಿ ಹೂಳಲಾರವು. ಒಂದರಿಂದ ಎರಡು ಮಿಲಿಮೀಟರ್, ಅಂದರೆ ದಪ್ಪ ರವೆಯಿಂದ ಜೋಳದ ನುಚ್ಚಿನ ನಡುವಿನದು ಹದ. ನನ್ನ ಅಳತೆಯ ತೊಟ್ಟಿಗೆ ಮೂರು ಸೆಂಟಿಮೀಟರ್ ಹಾಸಲು 25 ಕಿಲೊ ಅರಗೊನೈಟ್ (ಕ್ಯಾಲ್ಸಿಯಂ ಕಾರ್ಬೊನೇಟಿನ ಒಂದು ರೂಪ) ಉಸುಕು ಹಿಡಿಯುತ್ತದೆ.

ಭೀಮಾ ನದಿಯ ಉಸುಕು ಆಗದೇ ಎಂದು ಕೇಳುತ್ತಾರೆ. ಅದರಲ್ಲಿ ಸಿಲಿಕ, ಜೇಡಿ, ಏನೇನು ಬೆರೆತಿದೆಯೋ. ಬೇಡ. ಶಹಾಬಾದ್ ಕಲ್ಲೂ ಸುಣ್ಣಕಲ್ಲೇ ಅಲ್ಲವೇ, ಪುಡಿ ಮಾಡಿ ಹಾಕಿದರೆ ಹೇಗೆ ಎಂದು ನಮ್ಮ ಓಣಿಯ ಕಾಕಾ ಕೇಳಿದ್ದರು. ಒಳ್ಳೆಯ ಪ್ರಶ್ನೆ. ಅದೂ ಕ್ಯಾಲ್ಸಿಯಂ ಕಾರ್ಬೊನೇಟ್ ಹೌದು, ಆದರೆ ಕ್ಯಾಲ್ಸೈಟ್ ರೂಪದ್ದು, ಅರಗೊನೈಟಿನಷ್ಟು ಸುಲಭಕ್ಕೆ ಕರಗದು. ಜೇಡಿಯೂ ಸಿಲಿಕವೂ ಬೆರೆತಿರುವುದರಿಂದ ಪುಡಿ ಮಾಡಿದರೆ ನೀರು ರಾಡಿ. ಫರಸಿಯಾಗಿ ಮನೆಯ ನೆಲದಲ್ಲಿರಲಿ, ತೊಟ್ಟಿಯ ಸ್ಟ್ಯಾಂಡ್ ಕೆಳಗೆ ಅದಕ್ಕಿಂತ ಗಟ್ಟಿ ಹಾಸು ಇಲ್ಲ. ಕಡಲ ದಂಡೆಗೆ ಹೋದಾಗ ಚೀಲದಲ್ಲಿ ಉಸುಕು ತುಂಬಿ ತರುವುದೂ ಬೇಡ. ನಮ್ಮ ಕರಾವಳಿಯ ದಂಡೆಗಳದ್ದು ಬಹುಪಾಲು ಬೆಣಚುಕಲ್ಲಿನ ಉಸುಕು.

ನಿಮಗೆ ಯಾವುದು?

ನೂರು ಲೀಟರಿಗಿಂತ ಸಣ್ಣ ತೊಟ್ಟಿ, ಮನೆಯಲ್ಲಿ ಆರ್‌ಒ ಇಲ್ಲ, ಕ್ಯಾನ್ ನೀರು ತರಬೇಕು ಎಂದರೆ ಬರೀ ಗಾಜಿನ ತಳ ಇಡಿ, ಇಲ್ಲವೇ ಒಂದೇ ಬೆರಳು ದಪ್ಪ ಉಸುಕು ಮತ್ತು ನಾಲ್ಕೈದು ಸೆರಿತ್. ಮೂರು ನಾಲ್ಕು ಅಡಿ ತೊಟ್ಟಿ, ವಾರಕ್ಕೊಮ್ಮೆ ಒಂದು ತಾಸು ಬಿಡುವು ಇದ್ದರೆ ನನ್ನ ಮತ ಸ್ಪಷ್ಟ: ಒಂದೆರಡು ಮಿಲಿಮೀಟರ್ ಕಣದ ಉಸುಕು ಮೂರು ಸೆಂಟಿಮೀಟರ್ ಆಳಕ್ಕೆ, ಪೈಪು, ಫಿಲ್ಟರ್ ಚೀಲ, ಜೊತೆಗೆ ನಸ್ಸಾರಿಯಸ್ ಮತ್ತು ಸೆರಿತ್. ಚಳಿಗಾಲದಲ್ಲಿ ವಾರ ಬಿಡದೆ 20 ಲೀಟರ್ ಬದಲಿಸಿ, ಬೇಸಿಗೆಯಲ್ಲಿ ಚೀಲದ ದಾರಿ ಹಿಡಿದು ಬದಲಿಸುವ ನೀರನ್ನು ಅರ್ಧಕ್ಕೆ ಇಳಿಸಿ. ರಾಸ್ ಮೀನು ಬೇಕೇ ಬೇಕು ಎಂದರೆ ಒಂದು ಮೂಲೆಗೆ ಮಾತ್ರ ಐದು ಸೆಂಟಿಮೀಟರ್ ಸಣ್ಣ ಉಸುಕು ಕೂಡಿಸಿ, ಅಲ್ಲಿ ಹರಿವು ಮೆಲ್ಲಗಿರಲಿ. ಇಷ್ಟರಲ್ಲಿ ಯಾವುದನ್ನು ಆರಿಸಿದರೂ ಅದನ್ನು ಕೆಡಿಸುವುದು ಆಹಾರ ಹಾಕುವ ಕೈ. ನಮ್ಮ ಅವ್ವ "ಬಾಯಿ ತಕ್ಕೊಂಡು ನಿಂತಾವ ಪಾಪ, ಹಸಿವಿ ಆಗ್ಯಾದ" ಅಂತ ನಾನಿಲ್ಲದಾಗ ಇನ್ನೊಂದು ಚಿಟಿಕೆ ಹಾಕುತ್ತಿದ್ದಳು. ಆ ವಾರಗಳಲ್ಲಿ ಚೀಲಕ್ಕೆ ಬೀಳುತ್ತಿದ್ದ ಹೂಳು ದುಪ್ಪಟ್ಟು. ಈಗ ಏಳು ಸಣ್ಣ ಡಬ್ಬಿಯಲ್ಲಿ ಏಳು ದಿನದ ಆಹಾರ ಅಳೆದು ಇಡುತ್ತೇನೆ, ಹಾಕುವ ಕೆಲಸ ಪೂರಾ ಅವ್ವನದೇ. ಹೆಪ್ಪುಗಟ್ಟಿದ ಸಿಗಡಿಯಾದರೆ ಚಹಾ ಸೋಸುವ ಜಾಳಿಗೆಯಲ್ಲಿ ತೊಳೆದೇ ಹಾಕಬೇಕು, ಆ ರಸದಲ್ಲೇ ಅರ್ಧ ಕೊಳೆ.

ಗೆಳೆಯನ ಬಟ್ಟಲಿನಲ್ಲಿದ್ದದ್ದು ಡಯಾಟಮ್. ಅವನ ಆರ್‌ಒ ಯಂತ್ರದ ಮುಂದೆ ಡಿಐ ಡಬ್ಬಿಯೇ ಇರಲಿಲ್ಲ. ಹೈದರಾಬಾದಿನಿಂದ ಅವನು ಡಿಐ ರಾಳ, ಎರಡು ಮೀಟರ್ ಮೆದು ಪೈಪು, ಆರು ಸೆರಿತ್ ತಂದ. ಮೊನ್ನೆ ರವಿವಾರ ಮತ್ತೊಂದು ಫೋಟೊ ಕಳಿಸಿದ್ದಾನೆ: ಎಡಗಡೆಯ ಕಾಲು ಭಾಗ ಬೆಳ್ಳಗೆ, ಉಳಿದ ಮುಕ್ಕಾಲು ಕಂದು, ನಡುವೆ ಹೊಲದ ಬದುವಿನಂಥ ನೇರ ಗೆರೆ. ಆ ಗೆರೆಯ ಮೇಲೆ ಒಂದು ಸೆರಿತ್ ಕಂದಿನ ಕಡೆಗೆ ಮುಖ ಮಾಡಿ ಮೇಯುತ್ತಿತ್ತು.